ಬೇಡ ಎನ್ನುವವರು ಪಕ್ಕದಲ್ಲಿರಲಿ

ನೀವಿಬ್ಬರೂ ಬ್ಯಾಂಡಿನಿಂದ ಹೊರಬಂದು ಬೇರೆಯಾಗಿ ಒಂದು ಆಲ್ಬಮ್ ಮಾಡುವವರಿದ್ದೀರಂತೆ. ಪುಟ್ಟಾ, ನಿಮ್ಮಮ್ಮ ಫೋನು ಮಾಡಿ, "ಅಕ್ಕಾ, ನೀನು ಹೇಳಿದರೆ ಕೇಳ್ತಾನೆ, ಸ್ವಲ್ಪ ಬುದ್ಧಿ ಹೇಳು" ಅಂದಳು. ಬುದ್ಧಿ ಹೇಳಿಸಿಕೊಳ್ಳುವಂಥ ತಪ್ಪೇನೂ ನೀವು ಮಾಡಿಲ್ಲ. ಇರುವ ಹಾಡುಗಳು ಸಾಲದು, ಇನ್ನೇನೋ ಬೇರೆ ನಾದ ಬೇಕು ಅಂತ ನಿಮ್ಮ ವಯಸ್ಸಿನಲ್ಲಿ ಅನ್ನಿಸದೆ ಇನ್ಯಾವಾಗ ಅನ್ನಿಸಬೇಕು? ಹೋಗಿ, ಮಾಡಿ. ಆದರೆ ಹೊರಡುವ ಮುಂಚೆ, ನಿಮ್ಮ ಹಾಗೇ ಹೊರಟ ಇನ್ನಿಬ್ಬರ ಕತೆಯನ್ನು ನನ್ನಿಂದ ಪೂರ್ತಿ ಕೇಳಿಸಿಕೊಂಡು ಹೋಗಿ. ಆಕಾಶವಾಣಿಯಲ್ಲಿ ಸ್ಪೂಲ್ ಟೇಪುಗಳನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುತ್ತ ಕೆಲಸ ಮಾಡಿದವಳು ನಾನು. ಆ ಇಬ್ಬರು ಟೇಪಿನ ಜೊತೆ ಏನೇನು ಮಾಡಿದರು ಅನ್ನುವುದು ನನಗೆ ಕಿವಿಗಿಂತ ಮೊದಲು ಬೆರಳಿಗೆ ಅರ್ಥವಾಗುತ್ತದೆ.

ಕೆವಿನ್ ಗಾಡ್ಲಿ, ಲಾಲ್ ಕ್ರೀಮ್ ಅಂತ ಅವರ ಹೆಸರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯವರು. ಹುಡುಗರಾಗಿದ್ದಾಗಿನಿಂದ ಸ್ನೇಹ, ಇಬ್ಬರೂ ಚಿತ್ರಕಲೆ ಕಲಿತವರು. ಗಾಡ್ಲಿ ಡ್ರಮ್ಸ್ ಬಾರಿಸುತ್ತಿದ್ದ, ಕ್ರೀಮ್ ಗಿಟಾರು ಮತ್ತು ಕೀಬೋರ್ಡು ನುಡಿಸುತ್ತಿದ್ದ. ಇಬ್ಬರೂ ಹಾಡುತ್ತಿದ್ದರು, ಹಾಡು ಬರೆಯುತ್ತಿದ್ದರು. ಎರಿಕ್ ಸ್ಟೂವರ್ಟ್, ಗ್ರಹಾಂ ಗೌಲ್ಡ್‌ಮನ್ ಜೊತೆ ಸೇರಿ 1972ರಲ್ಲಿ ಟೆನ್ ಸಿಸಿ ಅನ್ನುವ ಬ್ಯಾಂಡು ಕಟ್ಟಿದರು. ಮರುವರ್ಷವೇ 'ರಬ್ಬರ್ ಬುಲೆಟ್ಸ್' ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೆ ಹೋಯಿತು.

ಅವರ ದೊಡ್ಡ ಭಾಗ್ಯ ಅಂದರೆ ಸ್ವಂತದ್ದು ಅನ್ನುವಂಥ ಒಂದು ಸ್ಟುಡಿಯೋ. ಆ ಕಾಲಕ್ಕೆ ಉತ್ತರ ಇಂಗ್ಲೆಂಡಿನ ಹುಡುಗರು ಒಂದು ಒಳ್ಳೆಯ ರೆಕಾರ್ಡಿಂಗ್ ಮಾಡಬೇಕೆಂದರೆ ಲಂಡನ್ನಿಗೆ ಗಂಟುಮೂಟೆ ಕಟ್ಟಬೇಕಿತ್ತು. ಕನ್ನಡ ಸಿನಿಮಾದ ಹಾಡುಗಳಿಗೆ ನಮ್ಮವರು ಮದರಾಸಿನ ರೈಲು ಹತ್ತುತ್ತಿದ್ದರಲ್ಲ, ಹಾಗೆ. ಆಮೇಲೆ ಶಂಕರ್ ನಾಗ್ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ಮಾಡಿದ ಹಾಗೆ, ಅಲ್ಲಿ ಎರಿಕ್ ಸ್ಟೂವರ್ಟ್ ಮತ್ತು ಅವನ ಪಾಲುದಾರ ಮ್ಯಾಂಚೆಸ್ಟರಿನ ಪಕ್ಕದ ಸ್ಟಾಕ್‌ಪೋರ್ಟಿನಲ್ಲಿ ಸ್ಟ್ರಾಬೆರಿ ಅನ್ನುವ ಸ್ಟುಡಿಯೋ ತೆರೆದರು. ಬೀಟಲ್ಸರ ಹಾಡಿನ ನೆನಪಿಗೆ ಆ ಹೆಸರು. ಗಡಿಯಾರ ನೋಡಿ ಬಾಡಿಗೆ ಲೆಕ್ಕ ಹಾಕುವವರಿಲ್ಲದ ಜಾಗ ಸಿಕ್ಕಿದರೆ ಕಲಾವಿದರ ಮನಸ್ಸು ಹೇಗೆ ಬಿಚ್ಚಿಕೊಳ್ಳುತ್ತದೆ ಅನ್ನುವುದಕ್ಕೆ ಅಲ್ಲಿ ಹುಟ್ಟಿದ ಒಂದು ಹಾಡೇ ಸಾಕ್ಷಿ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ಹೇಳಬೇಕಾದ್ದೆಲ್ಲ ಅದರಲ್ಲೇ ಇದೆ.

'ಐ ಆಮ್ ನಾಟ್ ಇನ್ ಲವ್' ನೀವು ಕೇಳಿರುತ್ತೀರಿ. 1975ರದು. ಸ್ಟೂವರ್ಟ್ ಮತ್ತು ಗೌಲ್ಡ್‌ಮನ್ ಬರೆದದ್ದು. ಮೊದಲು ಅದನ್ನು ಬೋಸಾನೋವಾ ನಡೆಯಲ್ಲಿ, ಗಿಟಾರು ಡ್ರಮ್ಸು ಇಟ್ಟುಕೊಂಡು, ಎಲ್ಲರೂ ಮಾಡುವ ಹಾಗೆಯೇ ರೆಕಾರ್ಡು ಮಾಡಿದರು. ಗಾಡ್ಲಿಗೆ ಒಂದಿಷ್ಟೂ ಹಿಡಿಸಲಿಲ್ಲ. ಮುಖಕ್ಕೆ ಮುಖ ಕೊಟ್ಟು ಹಾಗೇ ಹೇಳಿದ. ಕ್ರೀಮ್ ಕೂಡ ದನಿಗೂಡಿಸಿದ. ಹಾಡು ಬರೆದವನಿಗೆ ಎಷ್ಟು ನೋವಾಗಿರಬೇಕು ಯೋಚಿಸಿ. ಆ ಟೇಪನ್ನು ಅಳಿಸಿಯೇಬಿಟ್ಟರು. ಆದರೆ ಸ್ಟುಡಿಯೋದಲ್ಲಿ ಕೆಲಸ ಮಾಡುವವರು ಓಡಾಡುತ್ತ ಆ ರಾಗವನ್ನು ಗುನುಗುತ್ತಲೇ ಇದ್ದರು. ಅದನ್ನು ಕೇಳಿ ಸ್ಟೂವರ್ಟ್ ಮತ್ತೆ ಮಾತೆತ್ತಿದಾಗ ಗಾಡ್ಲಿಯೇ ಒಂದು ದಾರಿ ತೋರಿಸಿದ: ಮಾಡುವುದೇ ಆದರೆ ವಾದ್ಯಗಳನ್ನು ಬದಿಗಿಟ್ಟು, ಬರೀ ಮನುಷ್ಯರ ದನಿಯಲ್ಲಿ ಮಾಡೋಣ.

ಮೂರು ಗಂಟಲಿನಿಂದ ಒಂದು ಮಹಾಮೇಳ ಹೊರಡುವುದು ಹೇಗೆ? ಟೇಪನ್ನು ಲೂಪು ಮಾಡೋಣ ಅಂತ ಕ್ರೀಮ್ ಹೇಳಿದ. ಗಾಡ್ಲಿ, ಕ್ರೀಮ್, ಗೌಲ್ಡ್‌ಮನ್ ಮೂವರೂ ಮೈಕಿನ ಮುಂದೆ ನಿಂತು ಒಂದು ಸ್ವರವನ್ನು ಬರೀ 'ಆ' ಅಂತ ಹಿಡಿದು ಹಾಡಿದರು. ಒಂದೊಂದು ಸ್ವರಕ್ಕೂ ಹದಿನಾರು ಸಲ. ಅಂದರೆ ಒಂದು ಸ್ವರಕ್ಕೆ 48 ದನಿ. ಹೀಗೆ ಸಪ್ತಕದ ಕೋಮಲ ತೀವ್ರ ಎಲ್ಲ ಸ್ವರಗಳನ್ನೂ ಒಂದಾದ ಮೇಲೊಂದರಂತೆ ಹಾಡಿ ಮುಗಿಸಿದರು. ವಾರಗಟ್ಟಲೆ ಹಿಡಿಯಿತು. ಆ ಟೇಪಿನ ಎರಡು ತುದಿ ಕೂಡಿಸಿ ಅಂಟಿಸಿ, ಯಂತ್ರದಿಂದ ಆಚೆ ಎಳೆದು, ಒಂದು ಮೈಕ್ ಸ್ಟ್ಯಾಂಡಿಗೆ ಸುತ್ತಿಸಿ ತಂದರು. ಅದು ತಿರುಗುತ್ತಿದ್ದಷ್ಟು ಹೊತ್ತೂ ಆ ದನಿಗೆ ಉಸಿರು ಕಟ್ಟುವ ಪ್ರಶ್ನೆಯೇ ಇಲ್ಲ.

ಅವರ ಹತ್ತಿರ ಇದ್ದದ್ದು ಹದಿನಾರು ಟ್ರ್ಯಾಕಿನ ಯಂತ್ರ. ಒಂದೊಂದು ಸ್ವರಕ್ಕೆ ಒಂದೊಂದು ಟ್ರ್ಯಾಕು ಕೊಟ್ಟ ಮೇಲೆ ಉಳಿದದ್ದು ಬೆರಳೆಣಿಕೆ. ಆಗ ನಾಲ್ವರೂ ಮಿಕ್ಸಿಂಗ್ ಡೆಸ್ಕಿನ ಮುಂದೆ ಭುಜಕ್ಕೆ ಭುಜ ಕೊಟ್ಟು ಕೂತು, ಕೈಗೆ ಬಂದಷ್ಟು ಫೇಡರುಗಳನ್ನು ಹಂಚಿಕೊಂಡು, ಹಾಡಿನ ಸ್ವರಮೇಳ ಬದಲಾದ ಹಾಗೆಲ್ಲ ಬೇಕಾದ ಸ್ವರವನ್ನು ಮೇಲಕ್ಕೆ ತಂದು ಬೇಡದ್ದನ್ನು ಕೆಳಕ್ಕೆ ಇಳಿಸಿದರು. ಡೆಸ್ಕೇ ವಾದ್ಯವಾಯಿತು. ಫೇಡರು ಪೂರ್ತಿ ಕೆಳಗಿಳಿಯದ ಹಾಗೆ ಅಡಿಯಲ್ಲಿ ಒಂದು ಪಟ್ಟಿ ಟೇಪು ಅಂಟಿಸಿದ್ದರು. ಅದರಿಂದ ಎಲ್ಲ ಸ್ವರಗಳೂ ಹಿಂದೆ ಎಲ್ಲೋ ಸಣ್ಣಗೆ ಗುಂಯ್‌ಗುಡುತ್ತಲೇ ಇರುತ್ತವೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆ ಹಾಡಿನಲ್ಲಿ ಸದ್ದಿಲ್ಲದ ಜಾಗ ಅನ್ನುವುದೇ ಇಲ್ಲ. ನಡುವೆ ಪಿಸುಗುಟ್ಟುವ ಹೆಣ್ಣುದನಿ ಸ್ಟುಡಿಯೋದ ಸ್ವಾಗತಕಾರಿಣಿಯದು. ಅವರು ಅವಳನ್ನು ಕರೆದು ಮೈಕಿನ ಮುಂದೆ ನಿಲ್ಲಿಸಿ ಹೇಳಿಸಿದರು.

ಬ್ರಿಟನ್ನಿನಲ್ಲಿ ಆ ಹಾಡು ಒಂದನೆಯದಾಯಿತು, ಅಮೆರಿಕದಲ್ಲಿ ಎರಡನೆಯದು. ಅಷ್ಟು ವಿಚಿತ್ರವಾದ ಪ್ರಯೋಗ ಅಷ್ಟು ಜನರ ಮನೆಗೆ ಹೋಗಿ ಕೂತದ್ದು ಹೇಗೆ? ನನಗೆ ತೋಚುವುದು ಇದು. ಅಲ್ಲಿ ಪ್ರಯೋಗ ಬೇಕು ಅನ್ನುವವರೂ ಇದ್ದರು, ಹಾಡು ಬೇಕು ಅನ್ನುವವರೂ ಇದ್ದರು. ಒಬ್ಬರು ಇನ್ನೊಬ್ಬರಿಗೆ ಸುಲಭವಾಗಿ ಹೂಂ ಅನ್ನಲಿಲ್ಲ. ಗಾಡ್ಲಿ ಬೇಡ ಅನ್ನದಿದ್ದರೆ ಅದು ಹತ್ತರಲ್ಲಿ ಹನ್ನೊಂದನೆಯ ಪ್ರೇಮಗೀತೆಯಾಗಿ ಮರೆತುಹೋಗುತ್ತಿತ್ತು. ಸ್ಟೂವರ್ಟಿನ ಆ ಗಟ್ಟಿ ರಾಗ ಇರದಿದ್ದರೆ 48 ದನಿ ಇಟ್ಟುಕೊಂಡು ಇವರು ಬರೀ ಮೋಡ ಕಟ್ಟುತ್ತಿದ್ದರು, ಮಳೆ ಬರುತ್ತಿರಲಿಲ್ಲ.

ಇನ್ನು ಅವರು ಮಾಡಿಸಿದ ಒಂದು ಯಂತ್ರದ ವಿಷಯ. ಗಾಡ್ಲಿ ಮತ್ತು ಕ್ರೀಮ್‌ಗೆ ವಯಲಿನ್ ವೃಂದದಂಥ ಎಳೆದ ನಾದ ಬೇಕಿತ್ತು, ಅದೂ ಗಿಟಾರಿನಿಂದಲೇ. ಮ್ಯಾಂಚೆಸ್ಟರಿನ ವಿಶ್ವವಿದ್ಯಾಲಯದ ಜಾನ್ ಮೆಕಾನೆಲ್ ಅವರ ನೆರವಿನಿಂದ ಒಂದು ಸಾಧನ ಮಾಡಿಸಿದರು. ಗಿಜ್ಮೋ ಅಂತ ಕರೆದರು. ಗಿಟಾರಿನ ಸೇತುವೆಯ ಹತ್ತಿರ ಕೂರಿಸುವ ಸಣ್ಣ ಪೆಟ್ಟಿಗೆ, ಒಳಗೊಂದು ಮೋಟಾರು, ತಂತಿಗೊಂದರಂತೆ ಹಲ್ಲುಹಲ್ಲಾದ ಪುಟ್ಟ ಚಕ್ರಗಳು. ಕೀಲಿ ಒತ್ತಿದರೆ ತಿರುಗುವ ಚಕ್ರ ತಂತಿಯನ್ನು ಉಜ್ಜುತ್ತದೆ. ಮೀಟಿದ ತಂತಿಯ ನಾದ ಹುಟ್ಟಿದ ಕೂಡಲೇ ಸಾಯಲು ಶುರು ಮಾಡುತ್ತದೆ, ವೀಣೆ ಹಿಡಿದವರೆಲ್ಲರಿಗೂ ಅದರ ಸಂಕಟ ಗೊತ್ತು. ಗಿಜ್ಮೋದಲ್ಲಿ ಬೆರಳು ಒತ್ತಿದ್ದಷ್ಟು ಹೊತ್ತೂ ನಾದ ಇರುತ್ತದೆ. ಟ್ರ್ಯಾಕಿನ ಮೇಲೆ ಟ್ರ್ಯಾಕು ಹೇರಿದರೆ ಇಡೀ ವಾದ್ಯವೃಂದವೇ ಎದ್ದು ನಿಲ್ಲುತ್ತದೆ. 1974ರ 'ಶೀಟ್ ಮ್ಯೂಸಿಕ್' ಆಲ್ಬಮ್ಮಿನ 'ಓಲ್ಡ್ ವೈಲ್ಡ್ ಮೆನ್' ಹಾಡಿನಲ್ಲಿ ಅದರ ದನಿ ಕೇಳುತ್ತದೆ. ಆ ಹಾಡಿನಲ್ಲಿ ಅದು ಒಂದು ಎಳೆ, ಅಷ್ಟೇ.

1976ರ ಬೇಸಿಗೆಯಲ್ಲಿ ಟೆನ್ ಸಿಸಿಗೆ ಸ್ವಲ್ಪ ಬಿಡುವು ಸಿಕ್ಕಿತು. ಗಿಜ್ಮೋದಿಂದ ಏನೇನು ಸಾಧ್ಯ ಅಂತ ಜನಕ್ಕೆ ತೋರಿಸಲು ಒಂದು ಸಣ್ಣ ಧ್ವನಿಮುದ್ರಿಕೆ ಮಾಡೋಣ ಅಂತ ಇಬ್ಬರೂ ಸ್ಟ್ರಾಬೆರಿಗೆ ಹೋಗಿ ಕೂತರು. ಕೆಲವು ವಾರಗಳ ಕೆಲಸ ಅಂದುಕೊಂಡಿದ್ದರು. ಗಾಳಿಯ ಸದ್ದು ಗಿಟಾರಿನಲ್ಲಿ ಬಂತು, ಕಡಲಿನ ಸದ್ದು ಬಂತು, ಪ್ರಾಣಿಗಳು ದಿಕ್ಕೆಟ್ಟು ಓಡುವ ಸದ್ದೂ ಬಂತು. ಒಂದು ಹಾಡಿಗೆ ಹಿಡಿಸದಷ್ಟಾಯಿತು. ಒಂದು ಎಲ್.ಪಿ.ಗೂ ಹಿಡಿಸದಷ್ಟಾಯಿತು. ಆ ವರ್ಷ ಮುಗಿಯುವ ಮೊದಲೇ ಇಬ್ಬರೂ ಟೆನ್ ಸಿಸಿ ಬಿಟ್ಟರು. ರಿಚರ್ಡ್ ಬ್ರಾನ್ಸನ್ನನ ವರ್ಜಿನ್ ಕಂಪನಿ ಆಕ್ಸ್‌ಫರ್ಡ್‌ಶೈರಿನ ಹಳ್ಳಿಯೊಂದರ ಹಳೆಯ ಬಂಗಲೆಯಲ್ಲಿ ದಿ ಮ್ಯಾನರ್ ಎಂಬ ಸ್ಟುಡಿಯೋ ಇಟ್ಟಿತ್ತು. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಕೆಲಸ. ಅಲ್ಲಿಗೆ ಹೋದರು. ಕೆಲಸ ತಿಂಗಳುಗಟ್ಟಲೆ ಬೆಳೆಯಿತು. ಕೊನೆಗೆ ಒಂದು ವರ್ಷವನ್ನೂ ದಾಟಿತು.

ಅಲ್ಲಿ ನಡೆದ ಒಂದು ಕೆಲಸ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಅವರಿಗೆ ಸ್ಯಾಕ್ಸಫೋನಿನ ನಾದ ಬೇಕಾಯಿತು. ಒಬ್ಬ ವಾದಕನನ್ನು ಕರೆಸಬಹುದಿತ್ತು. ಕರೆಸಲಿಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿದ ಒಂದೊಂದು ಸ್ವರವನ್ನೂ ಸ್ಪೀಕರಿಗೆ ಕಳಿಸಿ, ಸ್ಪೀಕರಿನಿಂದ ರಬ್ಬರು ಕೊಳವೆಯೊಳಕ್ಕೆ ಹಾಯಿಸಿ, ಕೊಳವೆಯ ತುದಿಗೆ ತೂತು ಮಾಡಿದ ಸಿಗರೇಟು ಕಾಗದ ಕಟ್ಟಿ, ಗಾಳಿಯ ಒತ್ತಡಕ್ಕೆ ಆ ಕಾಗದ ಅದುರುವಂತೆ ಮಾಡಿದರು. ಸ್ಯಾಕ್ಸಫೋನಿನ ಒರಟು ಕಂಠ ಹಾಗೆ ಬಂತು. ಇದಕ್ಕೇ ದಿನಗಟ್ಟಲೆ ಹೋಯಿತು. ಈ ಹಠ ನನಗೆ ತುಂಬ ಇಷ್ಟ. ಕೈ ಕೆಸರು ಮಾಡಿಕೊಂಡು ನಾದ ಹುಡುಕುವವರನ್ನು ಕಂಡರೆ ನನಗೆ ಗೌರವ. ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು: ಈ ಹಾಡಿಗೆ ಈ ನಾದ ಯಾಕೆ ಬೇಕು? ಆ ಕೋಣೆಯಲ್ಲಿ ಇದನ್ನು ಕೇಳುವವರು ಯಾರೂ ಉಳಿದಿರಲಿಲ್ಲ.

ಸದ್ದುಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಲು ಕತೆಯೊಂದು ಬೇಕಾಯಿತು. ಮನುಷ್ಯರ ಮೇಲೆ ಪ್ರಕೃತಿ ತಿರುಗಿಬಿದ್ದಿದೆ. ಹೊರಗೆ ಗಾಳಿ, ಪ್ರವಾಹ, ಪ್ರಳಯ. ಒಳಗೆ ವಕೀಲರ ಕಚೇರಿಯಲ್ಲಿ ಗಂಡಹೆಂಡತಿ ವಿಚ್ಛೇದನದ ಜಗಳ ಆಡುತ್ತ ಕೂತಿದ್ದಾರೆ. ಕೆಳಗಿನ ಮನೆಯಲ್ಲಿ ಬ್ಲಿಂಟ್ ಎಂಬ ವಿಚಿತ್ರ ಸಂಗೀತಗಾರ. ಕೊನೆಗೆ ಅವನ ಪಿಯಾನೋ ಸಂಗೀತವೇ ಲೋಕವನ್ನು ಉಳಿಸುತ್ತದೆ. ಮಾತುಗಳನ್ನು ಬರೆಯಲು ಪೀಟರ್ ಕುಕ್ ಬಂದ. ಆ ಕಾಲದ ಬ್ರಿಟನ್ನಿನ ದೊಡ್ಡ ಹಾಸ್ಯಗಾರ. ಪಾತ್ರಗಳಿಗೆ ಬೇರೆ ಬೇರೆ ನಟರನ್ನು ಕರೆಸುವ ಯೋಚನೆ ಇತ್ತು. ಕೊನೆಗೆ ಹೆಂಡತಿಯ ಪಾತ್ರವೊಂದನ್ನು ಬಿಟ್ಟು ಮುಖ್ಯ ಪಾತ್ರಗಳಿಗೆಲ್ಲ ಕುಕ್‌ನದೇ ದನಿಯಾಯಿತು, ಹೆಂಡತಿಯ ಪಾತ್ರಕ್ಕೆ ಅವನ ಪತ್ನಿ ಜೂಡಿ ಹಕ್ಸ್‌ಟೇಬಲ್ ದನಿ ಕೊಟ್ಟಳು. ಜಾಜ್ ಲೋಕದ ಸಾರಾ ವಾನ್ 'ಲಾಸ್ಟ್ ವೀಕೆಂಡ್' ಹಾಡಿದಳು. ಅಂಥ ಕಂಠ ಒಪ್ಪಿ ಬಂದದ್ದು ಈ ಇಬ್ಬರ ಪ್ರತಿಭೆಯ ಮೇಲೆ ಜನ ಇಟ್ಟಿದ್ದ ನಂಬಿಕೆಗೆ ಗುರುತು.

'ಕಾನ್ಸಿಕ್ವೆನ್ಸಸ್' 1977ರಲ್ಲಿ ಹೊರಗೆ ಬಂತು. ಮೂರು ಎಲ್.ಪಿ., ಆರು ಬದಿ, ಒಂದು ಪೆಟ್ಟಿಗೆ, ಜೊತೆಗೊಂದು ಪುಸ್ತಿಕೆ. ಕೇಳುವವರಿಗೆ ಎರಡು ಗಂಟೆಯ ಹತ್ತಿರದ ಕೆಲಸ. ವಿಮರ್ಶಕರು ಕಟುವಾಗಿ ಬರೆದರು, ಜನ ಕೊಳ್ಳಲಿಲ್ಲ.

ಕಾಲ ಕೈಕೊಟ್ಟಿತು ಅಂತ ಎಲ್ಲರೂ ಹೇಳುತ್ತಾರೆ. ಪಂಕ್ ಸಂಗೀತದ ಅಲೆ ಬಂದಿತ್ತು, ಅಂಥ ದೊಡ್ಡ ಪೆಟ್ಟಿಗೆಗಳನ್ನು ಕಂಡರೆ ಹುಡುಗರಿಗೆ ಆಗುತ್ತಿರಲಿಲ್ಲ, ನಿಜ. ಇವರು ಮ್ಯಾನರಿನಲ್ಲಿ ಕೊಳವೆ ಕಟ್ಟುತ್ತಿದ್ದ ಅದೇ ಕಾಲಕ್ಕೆ, ಇವರದೇ ಮ್ಯಾಂಚೆಸ್ಟರಿನಲ್ಲಿ ಬಜ್‌ಕಾಕ್ಸ್ ಎಂಬ ಹುಡುಗರು 500 ಪೌಂಡು ಸಾಲ ಮಾಡಿ, 1976ರ ಡಿಸೆಂಬರಿನಲ್ಲಿ ಒಂದೇ ದಿನ ಸ್ಟುಡಿಯೋದಲ್ಲಿ ಕೂತು, ನಾಲ್ಕು ಹಾಡಿನ 'ಸ್ಪೈರಲ್ ಸ್ಕ್ರ್ಯಾಚ್' ಮುಗಿಸಿ ತಾವೇ ಹೊರಗೆ ತಂದರು. ಅದು ಇವತ್ತಿಗೂ ಚರಿತ್ರೆಯಲ್ಲಿದೆ. ಹಾಗಂತ ಕಡಿಮೆ ದುಡ್ಡು ಕಡಿಮೆ ದಿನ ಅನ್ನುವುದೇ ದೊಡ್ಡ ಗುಣ ಅಂತ ನಾನು ಒಪ್ಪುವುದಿಲ್ಲ. ಒಂದೇ ದಿನದಲ್ಲಿ ಮುಗಿದ ಕೆಟ್ಟ ರೆಕಾರ್ಡಿಂಗುಗಳನ್ನೂ ನಾನು ಬೇಕಾದಷ್ಟು ಕೇಳಿದ್ದೇನೆ. 'ಐ ಆಮ್ ನಾಟ್ ಇನ್ ಲವ್' ಕೂಡ ವಾರಗಟ್ಟಲೆ ನುಂಗಿದ ಕೆಲಸವೇ. ಅಲ್ಲಿ ಅಷ್ಟು ವಾರವೂ ಒಂದೇ ಹಾಡಿನ ಸೇವೆಗೆ ಹೋಯಿತು. ಕಾಲದ ಮೇಲೆ ತಪ್ಪು ಹೊರಿಸಿದರೆ ನಿಮಗೆ ಕಲಿಯಲು ಏನೂ ಉಳಿಯುವುದಿಲ್ಲ.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. 'ಕಾನ್ಸಿಕ್ವೆನ್ಸಸ್' ಕೆಟ್ಟ ಕೆಲಸ ಅಲ್ಲವೇ ಅಲ್ಲ. 'ಫೈವ್ ಓ ಕ್ಲಾಕ್ ಇನ್ ದ ಮಾರ್ನಿಂಗ್' ಯಾವ ಕಾಲಕ್ಕೂ ಸಲ್ಲುವ ಹಾಡು. ಗಿಜ್ಮೋದಲ್ಲಿ ಏಳುವ ಗಾಳಿಯನ್ನು ಕೇಳಿದರೆ ಈಗಲೂ ಮೈ ಜುಂ ಅನ್ನುತ್ತದೆ, ಅದು ಗಿಟಾರು ಅಂತ ನಂಬಲು ಆಗುವುದಿಲ್ಲ. ಆದರೆ ಹಾಡು ಶುರುವಾಗಿ ಮನಸ್ಸು ತೊಡಗಿತು ಅನ್ನುವಾಗ ಮಾತು ಬರುತ್ತದೆ, ಮಾತಿಗೆ ಹೊಂದಿಕೊಂಡೆವು ಅನ್ನುವಾಗ ಸದ್ದು ಬರುತ್ತದೆ. ಮಾತಿನ ಭಾಗ ಎಷ್ಟು ಉದ್ದ ಅಂದರೆ ಎರಡನೆಯ ಸಲ ಕೇಳುವಾಗ ಮುಳ್ಳನ್ನು ಎತ್ತಿ ಮುಂದಿಡಬೇಕು ಅನ್ನಿಸುತ್ತದೆ. ಕಂಪನಿಯವರಿಗೂ ಇದು ಗೊತ್ತಾಯಿತು. 1979ರಲ್ಲಿ ಸಂಗೀತದ ಭಾಗ ಆಯ್ದು ಒಂದೇ ಎಲ್.ಪಿ.ಯಾಗಿ ಮತ್ತೆ ಹೊರಗೆ ತಂದರು. ಕತ್ತರಿ ಹಾಕುವ ಕೆಲಸ ಕೊನೆಗೂ ನಡೆಯಿತು, ಕಟ್ಟಿದವರ ಕೋಣೆಯಲ್ಲಿ ನಡೆಯಬೇಕಾದಾಗ ನಡೆಯಲಿಲ್ಲ ಅಷ್ಟೇ.

ಯಾಕೆ ನಡೆಯಲಿಲ್ಲ? ಗಾಡ್ಲಿ ಮತ್ತು ಕ್ರೀಮ್ ಚಿಕ್ಕಂದಿನ ಸ್ನೇಹಿತರು. ಒಬ್ಬ ಅರ್ಧ ಹೇಳಿದರೆ ಇನ್ನೊಬ್ಬನಿಗೆ ಪೂರ್ತಿ ಅರ್ಥವಾಗುತ್ತಿತ್ತು, ಒಬ್ಬನಿಗೆ ಹುಚ್ಚು ಹಿಡಿದರೆ ಇನ್ನೊಬ್ಬನಿಗೂ ಅದೇ ಹುಚ್ಚು. ಟೆನ್ ಸಿಸಿಯಲ್ಲಿ ಈ ಜೋಡಿಯ ಎದುರಿಗೆ ಸ್ಟೂವರ್ಟ್ ಮತ್ತು ಗೌಲ್ಡ್‌ಮನ್ ಕೂತಿದ್ದರು. ಅವರಿಗೆ ರಾಗ ಬೇಕು, ಸುತ್ತು ಬೇಕು, ಮೂರೂವರೆ ನಿಮಿಷದಲ್ಲಿ ಮುಗಿಯಬೇಕು. ಆ ಎಳೆದಾಟ ಎರಡು ಕಡೆಯವರಿಗೂ ತಲೆನೋವು ತಂದಿರಲೇಬೇಕು. ಬೇಡ ಎಂಬ ಮಾತಿನ ಬೆಲೆ ಆ ನಾಲ್ವರಲ್ಲಿ ಗಾಡ್ಲಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ, ಸ್ಟೂವರ್ಟಿನ ಹಾಡಿಗೆ ಬೇಡ ಅಂದು ಅದನ್ನು ಉಳಿಸಿದವನು ಅವನೇ. ಅವನೇ ಹೋಗಿ, ತನಗೆ ಬೇಡ ಅನ್ನುವವರು ಯಾರೂ ಇರದ ಮನೆಯಲ್ಲಿ ತಿಂಗಳುಗಟ್ಟಲೆ ಕೂತ. ಬ್ಯಾಂಡಿನಲ್ಲಿ ಉಳಿದ ಇಬ್ಬರು ಹೊಸಬರನ್ನು ಸೇರಿಸಿಕೊಂಡು ಮುಂದೆ ಹೋದರು. 1978ರಲ್ಲಿ 'ಡ್ರೆಡ್‌ಲಾಕ್ ಹಾಲಿಡೇ' ಮತ್ತೆ ಒಂದನೆಯ ಸ್ಥಾನಕ್ಕೆ ಹೋಯಿತು. ಆದರೆ 'ಐ ಆಮ್ ನಾಟ್ ಇನ್ ಲವ್' ಮಾಡುವ ಹುಚ್ಚು ಅವರಲ್ಲಿ ಮತ್ತೆ ಕಾಣಲಿಲ್ಲ. ನಷ್ಟ ಎರಡೂ ಕಡೆ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಬ್ಯಾಂಡು ಒಡೆಯದೆಯೂ ಆ ಪ್ರಯೋಗ ಮಾಡಿಕೊಂಡು ಹಿಂದಿರುಗಬಹುದಿತ್ತು ಅಂತ ವಯಸ್ಸಾದ ಮೇಲೆ ಗಾಡ್ಲಿ ಕೂಡ ಹೇಳಿಕೊಂಡಿದ್ದಾನೆ.

ನಿಮ್ಮಿಬ್ಬರನ್ನು ನೋಡಿದಾಗ ನನಗೆ ಭಯವಾಗುವುದು ಇದೇ ಕಾರಣಕ್ಕೆ. ನಿಮ್ಮ ಸ್ನೇಹ ಅಷ್ಟು ಚೆನ್ನಾಗಿದೆ. ಪುಟ್ಟಾ, ನೀನು ಒಂದು ಸದ್ದು ತಂದರೆ ನಿನ್ನ ಜೊತೆಗಾತಿ "ಸೂಪರ್" ಅನ್ನುತ್ತಾಳೆ, ಅವಳು ಒಂದು ಸಾಲು ಹಾಡಿದರೆ ನೀನು ಕಣ್ಣು ಮುಚ್ಚಿ ತಲೆದೂಗುತ್ತೀಯ. ಅವರ ಕಾಲದಲ್ಲಿ ಮೈಕು ಹಿಡಿದವರು ಒಪ್ಪಿದರೂ ಯಂತ್ರವಾದರೂ ಬೇಡ ಅನ್ನುತ್ತಿತ್ತು. ಟ್ರ್ಯಾಕು ಮುಗಿಯುತ್ತಿತ್ತು, ಟೇಪು ಸವೆಯುತ್ತಿತ್ತು, ಒಂದನ್ನು ಸೇರಿಸಬೇಕಾದರೆ ಇನ್ನೊಂದನ್ನು ಅಳಿಸಬೇಕಿತ್ತು. ನಿಮ್ಮ ಲ್ಯಾಪ್‌ಟಾಪು ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಟ್ರ್ಯಾಕಿಗೆ ಕೊನೆ ಇಲ್ಲ, ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಂದು ಗುಂಡಿ ಸಾಕು. ಗಿಜ್ಮೋ ಕೊಡಲು ಒದ್ದಾಡುತ್ತಿದ್ದ ಆ ಎಳೆದ ನಾದ ನಿಮಗೆ ಪ್ಲಗಿನ್ನಿನಲ್ಲಿ ಸಾವಿರ ಬಗೆಯಲ್ಲಿ ಸಿಗುತ್ತದೆ.

ಅದಕ್ಕೇ ಬೇಡ ಎನ್ನುವವರನ್ನು ನೀವೇ ಹುಡುಕಿ ಕೂರಿಸಿಕೊಳ್ಳಬೇಕು. ಎಲ್ಲರ ಬೇಡಕ್ಕೂ ಕಿವಿಗೊಡಬೇಕು ಅಂತಲ್ಲ. ನಿಮ್ಮಮ್ಮ ಬೇಡ ಅನ್ನುವುದು ನಿಮ್ಮ ಮುಂದಿನ ಬದುಕಿನ ಚಿಂತೆಯಿಂದ. ಅದನ್ನು ಗೌರವದಿಂದ ಕೇಳಿ, ಆದರೆ ಹಾಡಿನೊಳಕ್ಕೆ ತರಬೇಡಿ. ನಿಮ್ಮನ್ನು ಕಂಡರಾಗದವರ ಬೇಡವೂ ಬೇಡ, ಅವರಿಗೆ ಹಾಡು ಚೆನ್ನಾದರೂ ಸಂಕಟವೇ. ಈ ಹಾಡು ಚೆನ್ನಾಗಿ ಬರಲಿ ಎಂಬ ಆಸೆ ಇರುವ, ನಿಮ್ಮ ರುಚಿ ಮಾತ್ರ ಇಲ್ಲದ ಒಬ್ಬರು ಬೇಕು. ಆಕಾಶವಾಣಿಯಲ್ಲಿ ನಾವು ಅರ್ಧ ಗಂಟೆಯ ರೂಪಕವನ್ನು ಮುಗಿಸಿದ ಮೇಲೆ ಅದರಲ್ಲಿ ಕೆಲಸ ಮಾಡದ ಸಹೋದ್ಯೋಗಿಯನ್ನು ಕೂರಿಸಿ ಕೇಳಿಸುತ್ತಿದ್ದೆವು. ಅವರು ಕುರ್ಚಿಯಲ್ಲಿ ಎಲ್ಲಿ ಮಗ್ಗುಲು ಬದಲಿಸುತ್ತಾರೋ ಅಲ್ಲಿ ನಾನು ಸ್ಪೂಲಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ಬಾಯಿಂದ ಅವರು "ತುಂಬಾ ಚೆನ್ನಾಗಿದೆ" ಅಂತಲೇ ಹೇಳುತ್ತಿದ್ದರು. ನಾನು ಕುರ್ಚಿಯನ್ನು ನಂಬುತ್ತಿದ್ದೆ.

ನಿಮ್ಮ ಬ್ಯಾಂಡಿನ ಬಾಸ್ ನುಡಿಸುವ ಹುಡುಗ ಇದ್ದಾನಲ್ಲ, ಎಲ್ಲದಕ್ಕೂ ಅಡ್ಡ ಬಾಯಿ ಹಾಕುತ್ತಾನೆ ಅಂತ ನೀವಿಬ್ಬರೂ ದೂರುವವನು, ನನ್ನ ಕಣ್ಣು ಅವನ ಮೇಲಿದೆ. ನಿಮ್ಮ ಹಿಂದಿನ ಹಾಡಿನಲ್ಲಿ ನಾಲ್ಕು ನಿಮಿಷದ ಪೀಠಿಕೆಯನ್ನು ನಲವತ್ತು ಸೆಕೆಂಡಿಗೆ ಇಳಿಸಲು ಹಠ ಹಿಡಿದವನು ಅವನೇ ತಾನೆ? ಜನ ಆ ಹಾಡನ್ನು ಕೊನೆಯವರೆಗೂ ಕೇಳಿದ್ದರಲ್ಲಿ ಅವನ ಪಾಲೂ ಇದೆ. ಬಿಟ್ಟು ಬರುವುದಾದರೆ ಬನ್ನಿ, ಆದರೆ ಅವನ ಜೊತೆ ಮಾತು ಮುರಿದುಕೊಂಡು ಬರಬೇಡಿ. ಆರು ತಿಂಗಳಿಗೆ ಅಂತ ಹೇಳಿ ಬನ್ನಿ. ನಡುನಡುವೆ ಅವನನ್ನು ಕರೆದು ಊಟ ಹಾಕಿ, ಆದಷ್ಟನ್ನು ಕೇಳಿಸಿ. ಅವನು ಹೇಳಿದ್ದನ್ನೆಲ್ಲ ಮಾಡಬೇಕಾಗಿಲ್ಲ. ಅವನ ಮಾತಿಗೆ ಉತ್ತರ ಕೊಡಲು ನೀವು ತಡವರಿಸುವ ಜಾಗ ಬಂದರೆ ಅಲ್ಲಿ ಏನೋ ಸಡಿಲ ಇದೆ ಅಂತ ತಿಳಿಯಿರಿ.

ಆಮೇಲೆ ಆ ಇಬ್ಬರಿಗೆ ಏನಾಯಿತು ಅನ್ನುವುದನ್ನೂ ಹೇಳಬೇಕು. ಈ ಕತೆಯನ್ನು 1977ಕ್ಕೇ ನಿಲ್ಲಿಸುವವರು ಅವರಿಗೆ ಅನ್ಯಾಯ ಮಾಡುತ್ತಾರೆ. ಅವರು ಎದೆಗುಂದಲಿಲ್ಲ. ಮರುವರ್ಷವೇ 'ಎಲ್' ಎಂಬ ಒಂದೇ ತಟ್ಟೆಯ ಆಲ್ಬಮ್ ತಂದರು. 1981ರಲ್ಲಿ 'ಅಂಡರ್ ಯುವರ್ ಥಂಬ್' ಬ್ರಿಟನ್ನಿನಲ್ಲಿ ಮೂರನೆಯ ಸ್ಥಾನದವರೆಗೆ ಹೋಯಿತು. ಚಿತ್ರಕಲೆ ಕಲಿತ ಕಣ್ಣು ಕೆಲಸಕ್ಕೆ ಬಂದು, ಬೇರೆಯವರ ಹಾಡುಗಳಿಗೆ ವಿಡಿಯೋ ಮಾಡತೊಡಗಿದರು. 1983ರಲ್ಲಿ ದಿ ಪೊಲೀಸ್ ತಂಡದ 'ಎವ್ರಿ ಬ್ರೆತ್ ಯು ಟೇಕ್', ಹರ್ಬಿ ಹ್ಯಾನ್ಕಾಕ್‌ನ 'ರಾಕಿಟ್', ಎರಡೂ ಅವರ ಕೈಯವೇ. 1984ರಲ್ಲಿ ಎಂಟಿವಿ ಮೊದಲ ಸಲ ವಿಡಿಯೋಗಳಿಗೆ ಪ್ರಶಸ್ತಿ ಕೊಟ್ಟಾಗ 'ರಾಕಿಟ್' ಒಂದಕ್ಕೇ ಐದು ಬಂದವು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಬೇರೆಯವರ ಹಾಡು ಅಂದ ಮೇಲೆ ಅದರ ಉದ್ದ ಮೊದಲೇ ಗೊತ್ತು, ಒಪ್ಪಬೇಕಾದವರು ಎದುರಿಗೇ ಕೂತಿರುತ್ತಾರೆ. ಆ ಬೇಲಿಯೊಳಗೆ ಅವರ ಕಲ್ಪನೆ ಮತ್ತೆ ಚಿಗುರಿತು.

1985ರ ಅವರದೇ 'ಕ್ರೈ' ಹಾಡಿನ ವಿಡಿಯೋ ನೋಡಿ. ಕಪ್ಪುಬಿಳುಪು. ಮುಖಗಳು, ಬರೀ ಮುಖಗಳು. ಒಂದು ಮುಖ ಹಾಡುತ್ತ ಹಾಡುತ್ತ ಇನ್ನೊಂದರಲ್ಲಿ ಕರಗುತ್ತದೆ, ಗಂಡು ಹೆಣ್ಣಾಗುತ್ತದೆ, ಹರೆಯ ಮುಪ್ಪಾಗುತ್ತದೆ. ಕಂಪ್ಯೂಟರಿನ ಜಾದೂ ಇಲ್ಲ, ಒಂದು ಚಿತ್ರವನ್ನು ಇನ್ನೊಂದರ ಮೇಲೆ ಹಂತಹಂತವಾಗಿ ಬೆರೆಸಿದ್ದು ಅಷ್ಟೇ. ಇಂಥದ್ದೇ ರೂಪಾಂತರವನ್ನು ಮೈಕೆಲ್ ಜಾಕ್ಸನ್‌ನ ತಂಡ ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದ್ದು 1991ರಲ್ಲಿ. ಮೂರು ತಟ್ಟೆ ತುಂಬ ಪ್ರಳಯ ತಂದವರು ಇಲ್ಲಿ ಒಂದೇ ಒಂದು ಯೋಚನೆ ಹಿಡಿದು, ಹಾಡು ಮುಗಿಯುವವರೆಗೂ ಅದನ್ನು ಬಿಡಲಿಲ್ಲ. 1988ರ ಕೊನೆಯ ಆಲ್ಬಮ್ 'ಗುಡ್‌ಬೈ ಬ್ಲೂ ಸ್ಕೈ'ಗೆ ಹಾರ್ಮೋನಿಕಾವನ್ನೇ ಮುಂದಿಟ್ಟುಕೊಂಡು ಹೊರಟರು. ತಮಗೆ ತಾವೇ ಬೇಡ ಅಂದುಕೊಳ್ಳಲು ಅಷ್ಟು ಹೊತ್ತಿಗೆ ಕಲಿತಿದ್ದರು ಅಂತ ನನಗೆ ಅನ್ನಿಸುತ್ತದೆ.

ಗಿಜ್ಮೋದ ಗತಿಯೂ ನಿಮಗೆ ಗೊತ್ತಿರಲಿ, ಹೊಸ ಹೊಸ ಯಂತ್ರ ಕಂಡರೆ ನಿಮಗೆ ಕಣ್ಣು ಹೊಳೆಯುತ್ತದೆ. ಅಮೆರಿಕದ ಮ್ಯುಸಿಟ್ರಾನಿಕ್ಸ್ ಕಂಪನಿಯವರು ಅದನ್ನು ಗಿಜ್ಮೋಟ್ರಾನ್ ಅಂತ ಮಾರುಕಟ್ಟೆಗೆ ತಂದರು. ಚಕ್ರಗಳು ಸವೆದವು, ಹವೆ ಬದಲಾದರೆ ಕೈಕೊಟ್ಟವು. ಸಿಂಥಸೈಜರುಗಳು ಅಷ್ಟರಲ್ಲಿ ಮುಂದೆ ಹೋಗಿದ್ದವು, ಕಂಪನಿ ಬಾಗಿಲು ಹಾಕಿತು. ಇತ್ತೀಚೆಗೆ ಯಾರೋ ಆಸಕ್ತರು ಅದನ್ನು ಹೊಸದಾಗಿ ರೂಪಿಸಿ ಮತ್ತೆ ಮಾರಿದ್ದಾರೆ. ಅದರ ಹೆಸರು ಇವತ್ತಿಗೂ ಕೇಳಿಬರುವುದಾದರೆ ಅದು ಹಾಡುಗಳ ಒಳಗೆ ಕೂತಿರುವುದರಿಂದ. ಲೆಡ್ ಜೆಪ್ಲಿನ್‌ನ ಜಿಮ್ಮಿ ಪೇಜ್ 1979ರ 'ಇನ್ ದಿ ಈವ್ನಿಂಗ್' ಹಾಡಿನಲ್ಲಿ ಅದನ್ನು ಬಳಸಿದ್ದಾನೆ, ಹುಡುಕಿ ಕೇಳಿ.

ಕೆಲಸ ಶುರು ಮಾಡುವ ಮೊದಲು ಇಬ್ಬರೂ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಆ ಬಾಸ್ ಹುಡುಗನನ್ನೂ ಕರೆಯಿರಿ. ಮೊದಲು 'ಐ ಆಮ್ ನಾಟ್ ಇನ್ ಲವ್' ಹಾಕಿ, ಆಲ್ಬಮ್ಮಿನಲ್ಲಿರುವ ಆರು ನಿಮಿಷದ್ದು. ಆಮೇಲೆ 'ಕಾನ್ಸಿಕ್ವೆನ್ಸಸ್' ಮೊದಲನೆಯ ತಟ್ಟೆಯಿಂದಲೇ ಶುರು ಮಾಡಿ, ಪ್ರಾಮಾಣಿಕವಾಗಿ ಕೊನೆಯವರೆಗೂ ಕೇಳಿ, ಫೋನು ಪಕ್ಕಕ್ಕಿಟ್ಟು. ಮೂವರೂ ಒಂದೊಂದು ಕಾಗದ ಇಟ್ಟುಕೊಳ್ಳಿ. ಎಲ್ಲಿ ಕತ್ತರಿಸುತ್ತೀರಿ, ಏನು ಉಳಿಸುತ್ತೀರಿ ಅಂತ ಒಬ್ಬರಿಗೊಬ್ಬರು ತೋರಿಸದೆ ಬರೆಯಿರಿ. ಕೊನೆಯ ಬದಿಯ 'ಬ್ಲಿಂಟ್ಸ್ ಟ್ಯೂನ್' ಬರುವ ಹೊತ್ತಿಗೆ ಸುಸ್ತಾಗಿರುತ್ತದೆ, ಆದರೂ ಅದನ್ನು ಬಿಡಬೇಡಿ, ಅಲ್ಲಿ ಪಿಯಾನೋ ಮತ್ತು ಗಿಜ್ಮೋ ಸೇರುವ ಜಾಗ ಇದೆ. ಮುಗಿದ ಮೇಲೆ ಮೂರು ಕಾಗದಗಳನ್ನೂ ನನಗೆ ಕಳಿಸಿ. ನಾನು ನನ್ನದನ್ನು ಬರೆದಿಟ್ಟಿದ್ದೇನೆ, ನಿಮ್ಮದು ಬಂದ ಮೇಲೆ ಕೊಡುತ್ತೇನೆ.